ದಿ ಕ್ಲ್ಯಾಶ್ ಹಾಡುಗಳ ಒಂದು ಗಂಟೆಯ ಪ್ಲೇಲಿಸ್ಟ್ ಹೇಗೆ ಜೋಡಿಸಲಿ?

ಲಂಡನ್ನಿನ ಪಂಕ್ ತಂಡ ದಿ ಕ್ಲ್ಯಾಶ್‌ನ ಎರಡೇ ಹಾಡು ಕೇಳಿದ್ದೇನೆ, ಇನ್ನಷ್ಟು ಬೇಕು, ವರ್ಷದ ಕ್ರಮದಲ್ಲಿ ಜೋಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಮಾಡಿದರೆ 1977ರ ಚುಟುಕು ಹಾಡುಗಳೆಲ್ಲ ಒಂದೇ ಕಡೆ ರಾಶಿ ಬೀಳುತ್ತವೆ. ಹೊಸ ಕಿವಿಗೆ ಎಲ್ಲವೂ ಒಂದೇ ಗದ್ದಲ. ನಾನು ಹಿಡಿಯುವ ಎಳೆ ಬೇರೆ: ಜಮೈಕಾದ ನಿಧಾನಲಯದ ಸಂಗೀತ ರೆಗ್ಗೇ. ಈ ತಂಡವನ್ನು ನಾನು ಪ್ರೀತಿಸುವುದೇ ಆ ಎಳೆಗಾಗಿ.

'ವೈಟ್ ರಯಟ್' ಮೊದಲು ಬರಲಿ. 1976ರಲ್ಲಿ ಲಂಡನ್ನಿನ ಕೆರಿಬಿಯನ್ ಬೀದಿ ಉತ್ಸವವಾದ ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲಿ ಕಪ್ಪು ಯುವಕರಿಗೂ ಪೊಲೀಸರಿಗೂ ಘರ್ಷಣೆಯಾದಾಗ ತಂಡದ ಗಾಯಕ ಜೋ ಸ್ಟ್ರಮರ್ ಮತ್ತು ಬಾಸ್ ಗಿಟಾರ್ ವಾದಕ ಪಾಲ್ ಸಿಮೊನನ್ ಅಲ್ಲೇ ಇದ್ದರು. ಈ ಹಾಡು ಹುಟ್ಟಿದ್ದು ಅಲ್ಲಿಂದ. ಅದು ಎರಡು ನಿಮಿಷದೊಳಗೆ ಮುಗಿದ ಕೂಡಲೇ, ನಡುವೆ ಏನನ್ನೂ ತುರುಕದೆ, ಆರು ನಿಮಿಷದ 'ಪೊಲೀಸ್ ಆ್ಯಂಡ್ ಥೀವ್ಸ್' ಹಾಕಿ. ಜೂನಿಯರ್ ಮರ್ವಿನ್ ಹಾಡಿದ ಜಮೈಕಾದ ಹಾಡು ಇದು. ಕ್ಲ್ಯಾಶ್ ಅದನ್ನು ನಕಲು ಮಾಡಲಿಲ್ಲ. ಒಂದು ಗಿಟಾರ್ ತಾಳದ ಪೆಟ್ಟಿನ ಮೇಲೆ ಬೀಳುತ್ತದೆ, ಇನ್ನೊಂದು ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ. ಹೆಡ್‌ಫೋನ್ ಹಾಕಿಕೊಂಡು ಅದೊಂದನ್ನೇ ಗಮನಿಸಿ, ಈ ತಂಡ ಅರ್ಥವಾಗತೊಡಗುತ್ತದೆ.

ಮೂಲ ಹಾಡನ್ನು ರೂಪಿಸಿದ್ದ ಲೀ ಪೆರಿಯೇ 'ಕಂಪ್ಲೀಟ್ ಕಂಟ್ರೋಲ್'ಗೂ ನಿರ್ಮಾಪಕ. ಹಾಗಾಗಿ ಮೂರನೆಯದು ಅದು. ಆಮೇಲೆ 'ಸೇಫ್ ಯುರೋಪಿಯನ್ ಹೋಮ್'. ಸ್ಟ್ರಮರ್ ಮತ್ತು ತಂಡದ ಗಿಟಾರ್ ವಾದಕ ಮಿಕ್ ಜೋನ್ಸ್ ತಮ್ಮ ಕನಸಿನ ಜಮೈಕಾಕ್ಕೆ ಹೋಗಿ, ಅಲ್ಲಿ ಹೆದರಿದ್ದನ್ನು ಮುಚ್ಚಿಡದೆ ಹಾಡಿದ್ದಾರೆ. ಅದರ ಬೆನ್ನಿಗೇ 1978ರ 'ವೈಟ್ ಮ್ಯಾನ್ ಇನ್ ಹ್ಯಾಮರ್‌ಸ್ಮಿತ್ ಪ್ಯಾಲೇ'. ರಾತ್ರಿಯಿಡೀ ನಡೆದ ರೆಗ್ಗೇ ಕಾರ್ಯಕ್ರಮಕ್ಕೆ ಹೋದ ಬಿಳಿಯನೊಬ್ಬನ ನಿರಾಸೆಯಿಂದ ಶುರುವಾಗಿ, ಇಡೀ ಇಂಗ್ಲೆಂಡಿನ ಮೇಲೆ, ತನ್ನದೇ ಪಂಕ್ ಸಂಗಡಿಗರ ಮೇಲೆ ತಿರುಗುವ ಹಾಡು. ನನ್ನ ಪಟ್ಟಿಯ ನಡುಗಂಬ ಇದೇ. ಇದನ್ನು ಮಾತ್ರ ಬಿಡಬೇಡಿ.

ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಬೆಳೆದ ಸಿಮೊನನ್ ಬರೆದು ಹಾಡಿದ 'ದಿ ಗನ್ಸ್ ಆಫ್ ಬ್ರಿಕ್ಸ್‌ಟನ್', ಮೈಕಿ ಡ್ರೆಡ್ ನಿರ್ಮಿಸಿದ 'ಬ್ಯಾಂಕ್‌ರಾಬರ್', ನಂತರ 'ಲಾಸ್ಟ್ ಇನ್ ದ ಸೂಪರ್‌ಮಾರ್ಕೆಟ್'. ಈ ಕೊನೆಯದು ರೆಗ್ಗೇ ಅಲ್ಲ, ಆದರೆ ಜೋನ್ಸ್‌ನ ಮೆದು ದನಿ ಇಲ್ಲಿ ಬೇಕೇ ಬೇಕು.

'ಲಂಡನ್ ಕಾಲಿಂಗ್' ನೀವು ಕೇಳಿದ ಎರಡರಲ್ಲಿ ಒಂದಾಗಿರಬಹುದು. ಅದನ್ನು ಇಷ್ಟು ತಡವಾಗಿ ಹಾಕಿ ನೋಡಿ, ಬೇರೆಯೇ ಹಾಡಿನಂತೆ ಕೇಳುತ್ತದೆ. ಕೊನೆಯಲ್ಲಿ ಗಿಟಾರ್ ಮೋರ್ಸ್ ಸಂಕೇತದಲ್ಲಿ ಎಸ್‌ಒಎಸ್, ಅಂದರೆ ಅಪಾಯದ ಕರೆ, ಮಿಡಿಯುತ್ತದೆ. ಆ್ಯಪ್‌ನಲ್ಲಿ ಒಂದು ಹಾಡನ್ನು ಇನ್ನೊಂದರೊಳಗೆ ಬೆರೆಸುವ ಕ್ರಾಸ್‌ಫೇಡ್ ಚಾಲೂ ಇದ್ದರೆ ಆ ಮಿಡಿತವನ್ನು ಅದು ನುಂಗಿಬಿಡುತ್ತದೆ. ಮೊದಲು ಅದನ್ನು ಆಫ್ ಮಾಡಿ, ಶಫಲ್ ಅನ್ನೂ.

ಪಟ್ಟಿಯ ಕಟ್ಟಕಡೆಗೆ 'ಸ್ಟ್ರೇಟ್ ಟು ಹೆಲ್'. ಮುಚ್ಚಿದ ಉಕ್ಕಿನ ಕಾರ್ಖಾನೆಗಳು, ವಿಯೆಟ್ನಾಮಿನಲ್ಲಿ ಅಮೆರಿಕನ್ ಸೈನಿಕರು ಬಿಟ್ಟುಹೋದ ಮಕ್ಕಳು. ಗಿಟಾರಿನ ಆ ಎಳೆ ಕೇಳಿದೊಡನೆ ಎಲ್ಲೋ ಕೇಳಿದ್ದೇನೆ ಅನ್ನಿಸುತ್ತದೆ: ಗಾಯಕಿ ಎಂ.ಐ.ಎ. ತಮ್ಮ 'ಪೇಪರ್ ಪ್ಲೇನ್ಸ್'ಗೆ ಬಳಸಿಕೊಂಡದ್ದು ಇದನ್ನೇ.

ಇಲ್ಲಿಗೆ ಸುಮಾರು 40 ನಿಮಿಷವಾಯಿತು. ಉಳಿದ 20 ನಿಮಿಷವನ್ನು 1980ರ 'ಸಾಂಡಿನಿಸ್ಟಾ!' ಆಲ್ಬಮ್‌ನಿಂದ ನೀವೇ ತುಂಬಿಸಿ. ಮೂರು ಎಲ್‌ಪಿ, 36 ಹಾಡು. ಆರಿಸಿದವನ್ನು 'ಬ್ಯಾಂಕ್‌ರಾಬರ್' ಆದಮೇಲೆ ಸೇರಿಸಿ, ಯಾವುವನ್ನು ಆರಿಸಿದಿರೆಂದು ಇಲ್ಲೇ ತಿಳಿಸಿ, ನಾನು ಕಾಯುತ್ತಿರುತ್ತೇನೆ.