ಸರ್ಕಾರಿ ಅರ್ಜಿ ಬರೆಸಲು ಎಐಗೆ ಯಾವ ರೆಡಿಮೇಡ್ ಪ್ರಾಂಪ್ಟ್ ಕೊಡಬೇಕು?

"ನೀನು ಪರಿಣತ ವಕೀಲ ಅಂತ ಶುರು ಮಾಡಿದರೆ ಎಐ ಒಳ್ಳೆಯ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರೆದುಕೊಡುತ್ತಾ, ಅಥವಾ ಬೇರೆ ಸೂತ್ರ ಇದೆಯಾ?" ಅಂತ ಕೇಳಿದ್ದೀರಿ. ನಾನು ಶುರು ಮಾಡಿದ್ದೂ ಅದೇ ಸಾಲಿನಿಂದ.

ನಮ್ಮೂರಲ್ಲಿ ಬಸ್ ಸ್ಟ್ಯಾಂಡಿನಿಂದ ಶಾಲೆವರೆಗೆ ಹಾಕಿದ ಕಾಂಕ್ರೀಟ್ ರಸ್ತೆ ಮೊದಲ ಮಳೆಗಾಲಕ್ಕೇ ಕಿತ್ತುಬಂತು. ಎಷ್ಟು ದುಡ್ಡು ಹಾಕಿದ್ದಾರೆ, ಎಷ್ಟು ದಪ್ಪ ಹಾಕಿದ್ದಾರೆ ಅಂತ ತಿಳಿಯಬೇಕಿತ್ತು. ಯಾರೋ ಹಂಚಿದ ಪ್ರಾಂಪ್ಟ್ (ಎಐಗೆ ಬರೆದು ಕೊಡುವ ಸೂಚನೆ) ಪಟ್ಟಿಯಿಂದ ಒಂದನ್ನು ಎತ್ತಿಕೊಂಡು ಹೀಗೆ ಟೈಪ್ ಮಾಡಿದೆ: "ನೀನು 30 ವರ್ಷ ಅನುಭವ ಇರುವ ಹಿರಿಯ ವಕೀಲ. ನಮ್ಮೂರಿನ ಕಳಪೆ ರಸ್ತೆ ಬಗ್ಗೆ ತುಂಬಾ ಪರಿಣಾಮಕಾರಿಯಾದ ಆರ್‌ಟಿಐ ಅರ್ಜಿ ಬರೆ."

ಎರಡು ಪುಟ ಬಂತು. ಓದಿದರೆ ಮೈ ಜುಮ್ಮೆನ್ನುವಂತಿತ್ತು. "ಸಾರ್ವಜನಿಕರ ಹಣ ಪೋಲಾಗಲು ಬಿಟ್ಟಿದ್ದೇಕೆ?" "ಗುತ್ತಿಗೆದಾರರ ಮೇಲೆ ಕ್ರಮ ಏಕಿಲ್ಲ?" ಜೊತೆಗೆ ಚರಂಡಿ, ಬೀದಿ ದೀಪದ ಪ್ರಶ್ನೆಗಳೂ ಸೇರಿದ್ದವು. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆ. ಉತ್ತರ ಕೊಡಲು ಕಾಯ್ದೆಯಲ್ಲಿ 30 ದಿನ ಇದೆ. ಅಷ್ಟೂ ಕಾದ ಮೇಲೆ ಹಿಂಬರಹ ಬಂತು: ಅರ್ಜಿ 150 ಪದ ಮೀರಿದೆ, ಒಂದಕ್ಕಿಂತ ಹೆಚ್ಚು ವಿಷಯ ಇದೆ, ಕೇಳಿದ್ದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ. ಅಷ್ಟರಲ್ಲಿ ಕಿತ್ತ ಜಾಗಕ್ಕೆಲ್ಲಾ ತೇಪೆ ಹಾಕಿ ಮುಗಿಸಿದ್ದರು. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಲು, ಸಾಮಗ್ರಿಯ ಮಾದರಿ ಪಡೆಯಲು ಆರ್‌ಟಿಐ ಕಾಯ್ದೆಯಲ್ಲೇ ಹಕ್ಕಿದೆ. ಸರಿಯಾದ ಹೊತ್ತಿಗೆ ಅದನ್ನು ಕೇಳಲಿಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ಕಾಲಿಡುತ್ತಿದ್ದೀರಿ. "ನೀನು ವಕೀಲ" ಅಂದ ಕೂಡಲೇ ಎಐ ವಕೀಲರ ದನಿ ತೆಗೆಯಿತು. ದನಿ ಬದಲಾಯಿತೇ ಹೊರತು ನಮ್ಮೂರಿನ ಬಗ್ಗೆ ಅದಕ್ಕೆ ಹೊಸದೇನೂ ಗೊತ್ತಾಗಲಿಲ್ಲ. ನಾನು ಕರ್ನಾಟಕದವನು ಅಂತಲೂ ಹೇಳಿರಲಿಲ್ಲ. 2005ರ ಕಾಯ್ದೆ ಇಡೀ ದೇಶಕ್ಕೆ ಒಂದೇ, ಆದರೆ ಅರ್ಜಿಯ ನಿಯಮ ರಾಜ್ಯಕ್ಕೊಂದು ಥರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಇನ್ನು "ಪರಿಣಾಮಕಾರಿ" ಅನ್ನುವುದು. ನನಗೆ ಬೇಕಿದ್ದದ್ದು ಕಾಗದಪತ್ರ. ಅದು ಬರೆದದ್ದು ಓದಿದವರು ಬೆಚ್ಚುವಂಥ ಪತ್ರ. ಆರ್‌ಟಿಐನಲ್ಲಿ ಕಚೇರಿಯ ಬಳಿ ಇರುವ ದಾಖಲೆ ಸಿಗುತ್ತದೆ, "ಏಕೆ ಹೀಗೆ ಮಾಡಿದಿರಿ" ಅನ್ನುವುದಕ್ಕೆ ವಿವರಣೆ ಸಿಗುವುದಿಲ್ಲ. ಎಲ್ಲದಕ್ಕಿಂತ ಮೊದಲಿನ ಮಾತೆಂದರೆ, ಯಾವ ದಾಖಲೆ ಕೇಳಬೇಕು ಅಂತ ನನಗೇ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಯಾವ ಸೂತ್ರವೂ ತುಂಬಿಕೊಡುವುದಿಲ್ಲ ಅಲ್ವಾ?

ಆಮೇಲೆ ಕಾಮಗಾರಿಗಳಲ್ಲಿ ಪಳಗಿದ ಒಬ್ಬ ಹಿರಿಯರ ಹತ್ತಿರ ಕೂತು ಕೇಳಿಕೊಂಡೆ. ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಪುಸ್ತಕ, ಬಿಲ್, ಈ ನಾಲ್ಕು ಸಿಕ್ಕರೆ ರಸ್ತೆಯ ಜಾತಕ ಸಿಕ್ಕಂತೆ ಅಂದರು. ಎರಡನೇ ಸಲ ಬರೆದ ಪ್ರಾಂಪ್ಟ್ ಇದು:

"ಕರ್ನಾಟಕದ ಗ್ರಾಮ ಪಂಚಾಯಿತಿಯೊಂದರ ಮಾಹಿತಿ ಅಧಿಕಾರಿಗೆ ಆರ್‌ಟಿಐ ಅರ್ಜಿ ಬರೆಯಬೇಕು. ವಿಷಯ ಒಂದೇ: ಬಸ್ ಸ್ಟ್ಯಾಂಡಿನಿಂದ ಶಾಲೆವರೆಗಿನ ಕಾಂಕ್ರೀಟ್ ರಸ್ತೆ. ಬೇಕಾದದ್ದು ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಸಿದ ಬಿಲ್, ಇವುಗಳ ದೃಢೀಕೃತ ಪ್ರತಿ. 150 ಪದ ಮೀರಬೇಡ. ಕಾರಣ, ಆರೋಪ, 'ಏಕೆ' ಪ್ರಶ್ನೆ ಬೇಡ. ನನ್ನಿಂದ ಏನಾದರೂ ವಿವರ ಬೇಕಿದ್ದರೆ ಬರೆಯುವ ಮೊದಲು ಕೇಳು."

ಅದು ತಿರುಗಿ ಕೇಳಿತು: ಕಾಮಗಾರಿ ಯಾವ ಆರ್ಥಿಕ ವರ್ಷದ್ದು? ಅದೇ ನನಗೆ ಬಿಟ್ಟುಹೋಗಿತ್ತು! ಅರ್ಜಿ ಅರ್ಧ ಪುಟವೂ ಆಗಲಿಲ್ಲ. ದಾಖಲೆ ಬಂದವು, ಅಳತೆ ಪುಸ್ತಕದ ಪುಟವೂ ಬಂತು. ಬರೆದ ದಪ್ಪಕ್ಕೂ ಒಡೆದ ಅಂಚಿನಲ್ಲಿ ನಾವು ಕಣ್ಣಾರೆ ಕಂಡ ದಪ್ಪಕ್ಕೂ ತಾಳೆಯೇ ಇರಲಿಲ್ಲ.

ಹಾಗಾಗಿ ರೆಡಿಮೇಡ್ ಪ್ರಾಂಪ್ಟ್ ಹುಡುಕುವುದನ್ನೇ ಬಿಡಿ, ದುಡ್ಡು ಕೊಟ್ಟಂತೂ ಕೊಳ್ಳಬೇಡಿ. "ಹಂತ ಹಂತವಾಗಿ ಯೋಚಿಸು" ಅನ್ನುವ ಸಾಲು 2022ರಲ್ಲಿ ಲೆಕ್ಕದ ಪ್ರಶ್ನೆಗಳಿಗೆ ನಿಜಕ್ಕೂ ಸಹಾಯ ಮಾಡಿತ್ತು. ಈಗಿನ ಹಲವು ಎಐ ಮಾದರಿಗಳು ಹೇಳದಿದ್ದರೂ ಹಾಗೆ ಯೋಚಿಸುತ್ತವೆ. ಸಾಲುಗಳು ಹಳೆಯದಾಗುತ್ತವೆ, ನಿಮ್ಮ ಊರಿನ ವಿವರ ಹಳೆಯದಾಗುವುದಿಲ್ಲ. ಮಾಹಿತಿ ಕೊಡಿಸಿದ ಹಳೇ ಅರ್ಜಿ ಯಾರದ್ದಾದರೂ ಸಿಕ್ಕರೆ ಹೆಸರು, ವಿಳಾಸ ಅಳಿಸಿ ಜೊತೆಗೆ ಹಾಕಿ. ಹತ್ತು ವಿಶೇಷಣಗಳಿಗಿಂತ ಒಂದು ನಮೂನೆ ಜಾಸ್ತಿ ಕೆಲಸ ಮಾಡುತ್ತದೆ. ಕಾಯ್ದೆಯ ಸೆಕ್ಷನ್ ಅಥವಾ ಸುತ್ತೋಲೆ ನಂಬರ್ ಅದಾಗಿಯೇ ಬರೆದರೆ ಮೂಲದಲ್ಲಿ ನೋಡದೆ ಸಹಿ ಹಾಕಬೇಡಿ, ಇಲ್ಲದ್ದನ್ನೂ ಅಷ್ಟೇ ಧೈರ್ಯವಾಗಿ ಬರೆದುಬಿಡುತ್ತದೆ. ಅರ್ಜಿ ಏಕೆ ಹಾಕುತ್ತಿದ್ದೀರಿ ಅಂತ ಸುಮ್ನೆ ಪ್ಯಾರಾಗಟ್ಟಲೆ ಬರೆಸಲೂ ಹೋಗಬೇಡಿ. ಕಾರಣ ಹೇಳಬೇಕಿಲ್ಲ ಅಂತ ಕಾಯ್ದೆಯ 6(2) ಸೆಕ್ಷನ್ನಿನಲ್ಲೇ ಇದೆ.

ನಿಮ್ಮ ಅರ್ಜಿ ಯಾವ ಕಚೇರಿಗೆ, ಯಾವ ದಾಖಲೆ ಬೇಕು ಅಂತ ಕೆಳಗೆ ಬರೆಯಿರಿ, ಪ್ರಾಂಪ್ಟ್ ಹೇಗಿರಬೇಕು ಅಂತ ನೋಡೋಣ. ಆಧಾರ್ ನಂಬರ್, ಫೋನ್ ನಂಬರ್ ಮಾತ್ರ ಇಲ್ಲೂ ಹಾಕಬೇಡಿ, ಎಐಗೂ ಕೊಡಬೇಡಿ. ಹೆಸರು, ವಿಳಾಸ ಪ್ರಿಂಟ್ ತೆಗೆದ ಮೇಲೆ ಪೆನ್ನಿನಲ್ಲಿ ಬರೆದರಾಯಿತು.