ಫ್ಯಾನ್ ನಿಂತಾಗ ಬರುವ ಹೊಟ್ಟೆನೋವು

(ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಸಿರಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮಲೆನಾಡಿನ ಒಂದು ಸಣ್ಣ ಪೇಟೆ. ಜೂನ್ ಕೊನೆಯಿಂದ ಹೊಟ್ಟೆನೋವು ಶುರುವಾಗಿತ್ತು. ಮಕ್ಕಳ ಡಾಕ್ಟರು ಎರಡು ಸಲ ನೋಡಿ, ಸ್ಕ್ಯಾನ್ ಮಾಡಿಸಿ, ಜಂತಿನ ಮಾತ್ರೆಯನ್ನೂ ಕೊಟ್ಟು, ಕೊನೆಗೆ ಆಪ್ತಸಮಾಲೋಚನೆಗೆಂದು ನನ್ನ ಬಳಿ ಕಳಿಸಿದ್ದರು. ಅಮ್ಮನಿಗೆ ಹೊಸ ಟೀಚರ್ ಮೇಲೆ ಅನುಮಾನ. ಅಪ್ಪನ ಪ್ರಕಾರ ಎಲ್ಲ ಶಾಲೆ ತಪ್ಪಿಸುವ ನಾಟಕ.

ಟೀಚರಿಗೆ ಫೋನ್ ಮಾಡಿ, ನೋವು ಬಂದ ಹೊತ್ತು ಮತ್ತು ಆಗ ಕ್ಲಾಸಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಬರೆದಿಡಲು ಕೇಳಿಕೊಂಡೆ. ಎರಡು ವಾರಕ್ಕೆ ಒಂದು ಹಾಳೆ ಬಂತು. ಒಂಬತ್ತು ಸಲ ನೋವು. ಗಣಿತದಲ್ಲೂ ಬಂದಿದೆ, ಆಟದ ಪಿರಿಯಡ್‌ನಲ್ಲೂ ಬಂದಿದೆ, ಯಾವುದಕ್ಕೂ ತಾಳೆಯಿಲ್ಲ. ಆದರೆ ಏಳು ಕಡೆ, ಟೀಚರ್ ಬೇರೇನೋ ಹೇಳುವಾಗ ಸುಮ್ಮನೆ ಬರೆದ ಒಂದು ಮಾತಿತ್ತು: "ಕರೆಂಟ್ ಇರಲಿಲ್ಲ."

ಸಿರಿಯ ಅಪ್ಪ ಲೈನ್‌ಮ್ಯಾನ್.

ಮುಂದಿನ ಸಲ ಬಂದಾಗ ಚಿತ್ರ ಬರೆಯಲು ಕೂರಿಸಿದ್ದೆ. ಮಳೆಗಾಲ ನೋಡಿ, ಹತ್ತು ನಿಮಿಷಕ್ಕೇ ಕರೆಂಟ್ ಹೋಯಿತು. ಅವಳ ಕೈಯಲ್ಲಿದ್ದ ಕ್ರೆಯಾನ್ ಅಲ್ಲೇ ನಿಂತಿತು. ತಲೆಯೆತ್ತಿ ಫ್ಯಾನಿನ ರೆಕ್ಕೆ ಪೂರ್ತಿ ನಿಲ್ಲುವ ತನಕ ನೋಡಿದಳು. ಆಮೇಲೆ ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಯಿತು. "ಏನನ್ನಿಸ್ತಿದೆ ಪುಟ್ಟಾ?" ಅಂದೆ. "ಈಗ ಅಪ್ಪ ಕಂಬ ಹತ್ತಿರ್ತಾರೆ" ಅಂದಳು.

ಇದು ಎಲ್ಲಿಂದ ಬಂತು ಎಂದು ಕೆದಕಿದಾಗ ಜೂನ್ ತಿಂಗಳ ಒಂದು ಶನಿವಾರ ಸಿಕ್ಕಿತು. ವೃತ್ತಿಗಳ ಪಾಠಕ್ಕೆಂದು ಶಾಲೆಯವರು ಅಪ್ಪ ಅಮ್ಮಂದಿರನ್ನು ಕರೆದು ಮಾತಾಡಿಸುತ್ತಿದ್ದರು. ಮೊದಲ ವಾರ ಒಬ್ಬ ಡಾಕ್ಟರು ಸ್ಟೆತಸ್ಕೋಪ್ ತಂದು ಮಕ್ಕಳ ಎದೆಬಡಿತ ಕೇಳಿಸಿದ್ದರು. ಮರುವಾರ ಸಿರಿಯ ಅಪ್ಪ. "ಡಾಕ್ಟರ ನಂತರ ನಾನು ಏನು ಹೇಳಲಿ ಮೇಡಂ? ಕಂಬ ಹತ್ತೋದು, ಇಳಿಯೋದು" ಅಂದರು. ಹಾಗಾಗಿ ಮಕ್ಕಳು ಬಾಯಿ ಬಿಟ್ಟು ಕೇಳುವಂಥದ್ದನ್ನೇ ಹೇಳಿದ್ದರು: 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ, ಲೈನಿನಲ್ಲಿ ಮನುಷ್ಯ ಕ್ಷಣದಲ್ಲಿ ಕರಕಲಾಗುವುದು, ಪಕ್ಕದ ಸೆಕ್ಷನ್ನಿನ ಗೆಳೆಯನೊಬ್ಬ ತೀರಿಕೊಂಡದ್ದು, "ಬೆಳಿಗ್ಗೆ ಮನೆ ಬಿಟ್ಟವನು ಸಂಜೆ ಬಂದರೆ ಬಂದ." ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದ್ದರು. ಸಿರಿಯೂ ತಟ್ಟಿದ್ದಳು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕತ್ತಲಾದ ತಕ್ಷಣ ಫೋನ್ ಮಾಡಿ ಬೈಯುವ ಊರಿನವರು, ಮರ ಬಿದ್ದ ರಾತ್ರಿ ಕಾಡಿನಲ್ಲಿ ಟಾರ್ಚ್ ಹಿಡಿದು ಲೈನ್ ಹುಡುಕುವವನಿಗೆ ಎಂದಾದರೂ ಚಪ್ಪಾಳೆ ತಟ್ಟಿದ್ದಾರೆಯೇ? ಆದರೆ ಎಂಟು ವರ್ಷ ಎಂಬುದು ನಾಜೂಕಿನ ವಯಸ್ಸು. ನಾಲ್ಕೈದು ವರ್ಷದ ಮಗುವಿಗೆ ಸಾವೆಂದರೆ ಊರಿಗೆ ಹೋದ ಹಾಗೆ, ಯಾವತ್ತೋ ಬರುತ್ತಾರೆ. ಏಳೆಂಟರ ಹೊತ್ತಿಗೆ ಹೋದವರು ಬರುವುದಿಲ್ಲ, ನಮ್ಮ ಮನೆಯವರೂ ಹೋಗಬಹುದು ಎಂಬುದು ತಿಳಿದಿರುತ್ತದೆ. ಅದನ್ನು ತಡೆಯಲು ಏನೇನು ಏರ್ಪಾಡು ಇದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಸಿರಿ ತನ್ನದೇ ಏರ್ಪಾಡು ಮಾಡಿಕೊಂಡಿದ್ದಳು. ಮನೆಯಲ್ಲಿದ್ದರೆ ಕರೆಂಟ್ ಹೋದ ಕೂಡಲೇ ಅಮ್ಮನ ಫೋನಿನಿಂದ ಅಪ್ಪನಿಗೆ ಕರೆ, ಎತ್ತದಿದ್ದರೆ ಮತ್ತೆ ಕರೆ. ಶಾಲೆಯಲ್ಲಿ ಫೋನ್ ಇಲ್ಲವಲ್ಲ, ಅಲ್ಲಿ ಹೊಟ್ಟೆನೋವು.

ಅಮ್ಮ ಅಷ್ಟರಲ್ಲೇ "ಅಪ್ಪಂಗೆ ಏನೂ ಆಗಲ್ಲ" ಎಂದು ನೂರು ಸಲ ಹೇಳಿದ್ದರು. ಆ ಮಾತು ಬೇಡ ಎಂದೆ. ಅಪ್ಪನೇ ಆಗುತ್ತದೆ ಎಂದು ಕ್ಲಾಸಿನ ಮುಂದೆ ಹೇಳಿದ ಮೇಲೆ ಮಗು ಯಾರನ್ನು ನಂಬಬೇಕು? ಬದಲಿಗೆ ಅಪ್ಪ ಮತ್ತೊಮ್ಮೆ ತನ್ನ ಕೆಲಸವನ್ನು ಹೇಳಬೇಕು, ಈ ಸಲ ಮಗಳೊಬ್ಬಳಿಗೇ, ಸಾಮಾನು ಮುಂದಿಟ್ಟುಕೊಂಡು, ಒಂದಾದ ಮೇಲೊಂದರಂತೆ ಎಂದು ಸಲಹೆ ಕೊಟ್ಟೆ. ಮೊದಲ ಸಲ ನನ್ನ ಕೋಣೆಯಲ್ಲೇ ಮಾಡಿದೆವು. ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿ ಲೈನ್ ಮಾಡಿದೆವು. ಸಿರಿ ವಿದ್ಯುತ್ ಸ್ಟೇಷನ್ನಿನ ಆಪರೇಟರ್. ಅಪ್ಪ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಎಂಬ ಕೆಲಸದ ಅನುಮತಿ, ಕೇಳಬೇಕು. ಅವಳು ಲೈನ್ ಆಫ್ ಮಾಡಿ ನಂಬರ್ ಕೊಡಬೇಕು. ಅವರು ಎಲ್‌ಸಿ ವಾಪಸ್ ಕೊಡುವವರೆಗೆ ಯಾರು ಎಷ್ಟೇ ಬೈದರೂ ಅವಳು ಸ್ವಿಚ್ ಹಾಕುವಂತಿಲ್ಲ. ಆಮೇಲೆ ಲೈನ್ ಸತ್ತಿದೆಯೇ ಎಂದು ಪರೀಕ್ಷೆ, ಎರಡೂ ಬದಿಗೆ ಅರ್ಥಿಂಗ್ (ತಂತಿಯನ್ನು ನೆಲಕ್ಕೆ ಜೋಡಿಸುವುದು), ಹೆಲ್ಮೆಟ್, ಬೆಲ್ಟ್. ಕರೆಂಟ್ ಇಲ್ಲ ಎಂದರೆ ಎಷ್ಟೋ ಸಲ ಅಪ್ಪನಿಗಾಗಿಯೇ ತೆಗೆಸಿದ್ದು ಎಂಬುದು ಅವಳಿಗೆ ಹೊಸ ಸುದ್ದಿ. (ನೆಲಕ್ಕೆ ಬಿದ್ದ ತಂತಿಯನ್ನು ಮಾತ್ರ ಕರೆಂಟ್ ಇರಲಿ ಬಿಡಲಿ ಮುಟ್ಟಬಾರದು, ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿಸಬೇಕು ಎಂದೂ ಅಪ್ಪನಿಂದಲೇ ಹೇಳಿಸಿದೆ.)

ಅಪ್ಪ ರಬ್ಬರ್ ಗ್ಲೌಸಿನ ಬಾಯಿ ಸುತ್ತಿ, ಗಾಳಿ ಒಳಗೆ ಹಿಡಿದು, ಬೆರಳುಗಳು ಉಬ್ಬಿದ್ದನ್ನು ಮಗಳ ಕಿವಿಯ ಹತ್ತಿರ ತಂದು, "ಸುಂಯ್ ಅಂದ್ರೆ ತೂತು ಇದೆ ಅಂತ" ಅಂದರು. ಸಿರಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ದಿನಾ ಹಾಕ್ಕೋತೀಯಾ ಅಪ್ಪಾ?"

ಅವರು ನನ್ನ ಮುಖ ನೋಡಿದರು.

ಮಗಳನ್ನು ಹೊರಗೆ ಆಟಕ್ಕೆ ಕಳಿಸಿದ ಮೇಲೆ ಬಾಯಿಬಿಟ್ಟರು. ಮಳೆಯಲ್ಲಿ ಗ್ಲೌಸ್ ಜಾರುತ್ತದೆ, ನಟ್ಟು ಹಿಡಿತಕ್ಕೆ ಸಿಗುವುದಿಲ್ಲ, ಕೆಳಗಿನಿಂದ ಜನ ಕೂಗುತ್ತಿರುತ್ತಾರೆ. "ಅವಳ ಹತ್ರ ಹೂಂ ಅಂದುಬಿಡಲಾ ಮೇಡಂ?" ಬೇಡ ಎಂದೆ. ಈ ಮನೆಯಲ್ಲಿ ಹೆದರಿಕೆ ಮಗಳದ್ದೊಂದೇ ಎಂದು ನಾನು ಬರೆದುಕೊಂಡಿದ್ದೆ. ಆ ಸಾಲನ್ನು ಅಂದು ಹೊಡೆದುಹಾಕಿದೆ. ಅವರು ಹೊರಗೆ ಹೋಗಿ ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದ್ದು ಇಷ್ಟು: "ಕೆಲವು ಸಲ ಹಾಕಿಲ್ಲ ಮಗಳೇ, ತಪ್ಪು ಮಾಡ್ದೆ. ಇನ್ಮೇಲೆ ಹಾಕ್ತೀನಿ."

ಉಳಿದ ಸಲಹೆಗಳು ಸಣ್ಣವು. ಕರೆಂಟ್ ಹೋದಾಗಲೆಲ್ಲ ಕರೆ ಮಾಡುವುದು ನಿಲ್ಲಬೇಕು, ಪ್ರತಿ ಸಲ ಎತ್ತಿದರೆ ಮುಂದಿನ ಸಲ ಎತ್ತದಿದ್ದಾಗ ಭಯ ಇಮ್ಮಡಿ. ಸಂಜೆ ಐದಕ್ಕೆ ಅಪ್ಪನೇ ಒಂದು ಕರೆ ಮಾಡಲಿ, ತಡವಾಗುವುದಿದ್ದರೆ ಆಗಲೇ ಹೇಳಲಿ. ಹೊಟ್ಟೆನೋವು ಎಂದಾಗ ಮನೆಗೆ ಕಳಿಸದೆ, ಬೈಯದೆ, ನೀರು ಕೊಟ್ಟು ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದು ಟೀಚರಿಗೆ. ನಾಲ್ಕಾರು ವಾರದಲ್ಲಿ ಇಳಿಯದಿದ್ದರೆ ಮನೋವೈದ್ಯರಿಗೆ ತೋರಿಸೋಣ, ನಡುವೆ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು ಎಂದು ತಾಯಿಗೆ. ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಕೋರಿಕೆ: ಪೋಷಕರನ್ನು ಕರೆಯುವಾಗ "ನಿಮ್ಮ ಕೆಲಸದ ಬಗ್ಗೆ ಹೇಳಿ" ಎನ್ನಬೇಡಿ, "ನಿಮ್ಮ ಕೈಯಲ್ಲಿ ದಿನಾ ಇರುವ ಒಂದು ಸಾಮಾನು ತನ್ನಿ" ಎನ್ನಿ. ಡಾಕ್ಟರು ಗೆದ್ದದ್ದೂ ಸ್ಟೆತಸ್ಕೋಪಿನಿಂದಲೇ.

ಆಗಸ್ಟ್ ಕೊನೆಗೆ ಟೀಚರ ಹಾಳೆಯಲ್ಲಿ ಎರಡೇ ಸಾಲಿತ್ತು. ಒಂದು ಹೊಟ್ಟೆನೋವು, ಗಾಳಿಮಳೆಗೆ ಶಾಲೆಯ ಎದುರಿನ ಅಕೇಶಿಯಾ ಬಿದ್ದ ದಿನ. ಇನ್ನೊಂದು: "ಕರೆಂಟ್ ಹೋಯಿತು. ಸಿರಿ ಫ್ಯಾನ್ ನೋಡಿದಳು, ಮತ್ತೆ ಬರೆಯತೊಡಗಿದಳು."

ಅಪ್ಪನಿಗೆ ಮಾತ್ರ ಈಗ ಬೇರೆ ಗೋಳು. ಬೆಳಿಗ್ಗೆ ಬೈಕ್ ಹತ್ತುವ ಮುಂಚೆ ಗ್ಲೌಸ್ ಮಗಳ ಕೈಗೆ ಹೋಗಬೇಕಂತೆ. ಅವಳು ಗಾಳಿ ಹಿಡಿದು, ಕಿವಿಗೆ ಇಟ್ಟು, ಎಲ್‌ಸಿ ನಂಬರ್ ಕೊಟ್ಟ ಮೇಲೆಯೇ ಗೇಟು ತೆಗೆಯುತ್ತಾಳಂತೆ. "ದಿನಾ ಐದು ನಿಮಿಷ ಲೇಟು ಮೇಡಂ" ಎಂದರು.