‘ಬರೀ ನೋಡೋಕೆ’ ಬರುವವರು

ಭದ್ರಾವತಿಯ ಓದುಗರೊಬ್ಬರು ಬರೆದಿದ್ದಾರೆ: ‘ಕಾಡು, ಅಭಯಾರಣ್ಯ ಅಂತ ಸರ್ಕಾರಿ ಜಮೀನನ್ನೆಲ್ಲ ಗಣಿಗೆ ಮುಚ್ಚಿಟ್ಟರೆ ಹೇಗೆ? ಅಗೆಯುವುದು ಬೇಡ, ಒಳಗೆ ಏನಿದೆ ಅಂತ ನೋಡುವುದಕ್ಕಾದರೂ ಬಿಡಬಾರದೇ?’

ಸಂಪಾದಕರ ಉತ್ತರ:

ಪ್ರಶ್ನೆ ಚೆನ್ನಾಗಿದೆ ಸ್ವಾಮಿ. ನಿಮ್ಮೂರು ಬೆಳೆದದ್ದೇ ಕೆಮ್ಮಣ್ಣುಗುಂಡಿಯ ಅದಿರಿನಿಂದ. ಕಬ್ಬಿಣ ಬೇಕು, ಕೆಲಸ ಬೇಕು, ಒಪ್ಪಿದೆ. ಇನ್ನು ಜಗಳಕ್ಕೆ ಬರುತ್ತೇನೆ.

ಈ ‘ನೋಡುವುದು’ ದುರ್ಬೀನು ಹಿಡಿದು ನಿಲ್ಲುವ ಕೆಲಸ ಅಲ್ಲ. ಅದಿರು ಎಷ್ಟು ಆಳಕ್ಕಿದೆ ಅಂತ ಗೊತ್ತಾಗಬೇಕಾದರೆ ಡ್ರಿಲ್ಲಿಂಗ್ ಯಂತ್ರ ಗುಡ್ಡ ಹತ್ತಬೇಕು. ಅದಕ್ಕೆ ರಸ್ತೆ ಬೇಕು, ರಸ್ತೆಗೆ ಮರ ಉರುಳಬೇಕು. ಕೊರೆಯಲು ನೀರು ಪಕ್ಕದ ಹಳ್ಳದ್ದೇ. ಅದಿರು ಸಿಗಲಿಲ್ಲವೋ, ಯಂತ್ರ ಇಳಿದು ಹೋಗುತ್ತದೆ, ರಸ್ತೆ ಅಲ್ಲೇ ಉಳಿಯುತ್ತದೆ. ಸಿಕ್ಕಿತೋ, ಮುಗಿದೇ ಹೋಯಿತು. ಇಷ್ಟು ಕೋಟಿ ಟನ್ ಅಂತ ಕಾಗದದ ಮೇಲೆ ಬಂದ ದಿನದಿಂದ ಕಾಡಿನ ಪರ ಮಾತಾಡುವವರೆಲ್ಲ ದೇಶದ ಸಂಪತ್ತಿಗೆ ಅಡ್ಡ ಬಂದವರು!

ನಿಮಗೊಂದು ಖುಷಿ ಸುದ್ದಿ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ತಿದ್ದಿದರು. ಕೇಂದ್ರದ ಷರತ್ತುಗಳಿಗೆ ಒಳಪಟ್ಟರೆ ಖನಿಜ ಶೋಧನೆಯನ್ನು ಇನ್ನು ‘ಅರಣ್ಯೇತರ ಬಳಕೆ’, ಅಂದರೆ ಕೇಂದ್ರದ ಪೂರ್ವಾನುಮತಿ ಬೇಕಾದ ಬಳಕೆ, ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಕೇಳುವ ಮೊದಲೇ ಬಾಗಿಲು ಓರೆ ಮಾಡಿಟ್ಟಿದ್ದಾರೆ.

ಮುಚ್ಚಿಟ್ಟಿದ್ದಾರೆ ಅಂತೀರಲ್ಲ, ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನೆನಪಿದೆಯಾ? ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಸೀಮೆ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಗಣಿಯ 30 ವರ್ಷದ ಗುತ್ತಿಗೆ 1999ಕ್ಕೆ ತೀರಿತು. ಗಣಿ ನಿಂತಿತೇ? ತಾತ್ಕಾಲಿಕ ಅನುಮತಿಯ ಮೇಲೆ ನಡೆಯುತ್ತಲೇ ಇತ್ತು. ಹೋರಾಟಗಾರರು ಸುಪ್ರೀಂ ಕೋರ್ಟಿನ ತನಕ ಹೋಗಿ, 2002ರಲ್ಲಿ ತೀರ್ಪು ಬಂದು, 2005ರ ಕೊನೆಗೆ ನಿಂತಿತು. ಉದ್ಯಾನ ಅಂತ ಹೇಳಿದ ಮೇಲೂ 18 ವರ್ಷ! ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿ ಹೂಳು ಇವತ್ತಿಗೂ ಅಲ್ಲೇ ಇದೆ. ಮಳೆಗಾಲದಲ್ಲಿ ಕೆಂಪಾಗಿ ಹರಿಯುತ್ತಿದ್ದ ಆ ಭದ್ರೆ ನಿಮ್ಮೂರಿನ ನಡುವೆಯೇ ಬರುತ್ತಾಳೆ, ಅಲ್ವಾ? ನಿಮಗೆ ನಾನು ಹೇಳಬೇಕೇ?

ನಮ್ಮಲ್ಲಿ ಎಲ್ಲವೂ ಹೀಗೇ. ತಾತ್ಕಾಲಿಕ ಪರವಾನಗಿ, ತಾತ್ಕಾಲಿಕ ಶೆಡ್ಡು, ತಾತ್ಕಾಲಿಕ ಸೆಸ್ಸು. ಬಂದದ್ದು ಯಾವುದು ವಾಪಸ್ ಹೋಗಿದೆ? ಅಲ್ಲಿ ಬದುಕುವವರನ್ನು ಕೇಳುವ ಅಭ್ಯಾಸವಂತೂ ಇಲ್ಲ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ (ಅಲ್ಯುಮಿನಿಯಂ ಅದಿರು) ಗಣಿ ಬೇಕೇ ಅಂತ ಕೋರ್ಟ್ ಹೇಳಿದ್ದಕ್ಕೆ 2013ರಲ್ಲಿ ಕೇಳಿದರು. 12 ಗ್ರಾಮಸಭೆಗಳೂ ಬೇಡ ಅಂದವು. ಅದಕ್ಕೇ ಇರಬೇಕು, ಕೇಳೋಕೆ ಹೆದರುವುದು.

ನೋಡಲೇಬೇಕು ಅನ್ನುವ ಆಸೆ ಅಷ್ಟಿದ್ದರೆ ಸಂಡೂರಿನ ಕಡೆ ಹೋಗಿಬನ್ನಿ. ಅಗೆದು ಬಿಟ್ಟ ಗುಂಡಿಗಳಲ್ಲಿ ಎಷ್ಟನ್ನು ಮುಚ್ಚಿದ್ದಾರೆ, ಎಲ್ಲಿ ಗಿಡ ಬಂದಿದೆ ಅಂತ ಬರೆದು ಕಳಿಸಿ. ಒಂದು ಅಕ್ಷರ ಬಿಡದೆ ಅಚ್ಚು ಹಾಕುತ್ತೇವೆ.